ಅಂಗಡಿಯಲ್ಲಿ ದಿನವೂ ವ್ಯಾಪಾರವಿದ್ದರೂ ತಿಂಗಳ ಕೊನೆಗೆ ಕೈ ಖಾಲಿಯಾಗುವುದು ಏಕೆ?

ಹೆಚ್ಚಿನ ಸಲ ಕಾರಣ ಒಂದೇ: ಗಲ್ಲಾದ ಹಣವನ್ನೆಲ್ಲ ಲಾಭ ಎಂದುಕೊಂಡು ಮನೆಖರ್ಚಿಗೆ ತೆಗೆಯುವುದು. ಆ ಹಣದ ಬಹುಪಾಲು ನಿಮ್ಮದಲ್ಲ, ಮತ್ತೆ ಸಾಮಾನು ತುಂಬಲು ಬೇಕಾದದ್ದು.

ಕಿರಾಣಿ ಅಂಗಡಿಯಲ್ಲಿ 100 ರೂಪಾಯಿ ಮಾರಾಟಕ್ಕೆ 10 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. 8,000 ರೂಪಾಯಿ ವ್ಯಾಪಾರವಾದ ದಿನ ಉಳಿಯುವುದು 800. ಬಾಡಿಗೆ, ಕರೆಂಟ್ ಬಿಲ್, ಕೆಲಸದವರ ಸಂಬಳ ಎಲ್ಲ ಅದರಲ್ಲೇ ಆಗಬೇಕು. ಸಂಜೆ ತರಕಾರಿಗೆ, ಪೆಟ್ರೋಲಿಗೆ ಎಂದು ಗಲ್ಲಾದಿಂದ 500 ತೆಗೆದರೆ, ಆ ಹಳ್ಳ ಮುಚ್ಚಲು 5,000 ರೂಪಾಯಿಯ ಮಾರಾಟ ಬೇಕು. ಮುಚ್ಚದಿದ್ದರೆ ಮುಂದಿನ ವಾರ ಸಕ್ಕರೆ ಮೂಟೆ ತರಲು ದುಡ್ಡು ಸಾಲುವುದಿಲ್ಲ. ಸಕ್ಕರೆ ಇಲ್ಲ ಎಂದಾಗ ಗಿರಾಕಿ ಬೇಳೆ, ಎಣ್ಣೆಯನ್ನೂ ಪಕ್ಕದ ಅಂಗಡಿಯಲ್ಲೇ ಕೊಳ್ಳುತ್ತಾರೆ. ನಷ್ಟ ಬೆಳೆಯುವುದು ಹೀಗೆ.

ಆದ್ದರಿಂದ ನಿಮಗೂ ಒಂದು ಸಂಬಳ ಗೊತ್ತುಮಾಡಿ, ನಿಗದಿತ ದಿನ ಮಾತ್ರ ತೆಗೆದುಕೊಳ್ಳಿ. ಕ್ಯೂಆರ್ ಕೋಡ್‌ಗೆ ಬರುವ ಹಣ ಅಂಗಡಿಯದೇ ಬೇರೆ ಖಾತೆಗೆ ಹೋಗಲಿ. ಮನೆಗೆ ಒಯ್ದ ಎಣ್ಣೆ ಪ್ಯಾಕೆಟ್ಟನ್ನೂ ಕೊಂಡ ಬೆಲೆಗೆ ಬರೆದು ಆ ಸಂಬಳದಲ್ಲಿ ಕಳೆಯಿರಿ. ಅನೇಕರು ಎಡವುವುದು ಇಲ್ಲೇ.

ರಾತ್ರಿ ಬಾಗಿಲು ಹಾಕುವ ಮುನ್ನ ಗಲ್ಲಾ ಎಣಿಸಿ. ಬೆಳಗ್ಗೆ ಇಟ್ಟ ಚಿಲ್ಲರೆ, ನಗದು ಮಾರಾಟ, ವಸೂಲಾದ ಉದ್ರಿ ಕೂಡಿಸಿ, ಅಂದು ಕೊಟ್ಟ ಹಣ ಕಳೆದರೆ ತಾಳೆಯಾಗಬೇಕು. ಆಗದಿದ್ದರೆ ಅಂದೇ ಹುಡುಕಿ. ಮೂರು ದಿನ ಬಿಟ್ಟರೆ ಯಾವ ಚೀಟಿ ಯಾವುದಕ್ಕೆ ಎಂಬುದೇ ನೆನಪಿರುವುದಿಲ್ಲ.