ನಿಮ್ಮ ರಿಲೇ ಲೇಖನ ಈಗಿನ ರೂಪದಲ್ಲಿ ಏಕೆ ಬೇಡ

ನಮಸ್ಕಾರ.

ಫೇಡಿಂಗ್ (ಸಂಕೇತದ ಬಲ ಕ್ಷಣಕ್ಷಣಕ್ಕೂ ಏರಿಳಿಯುವುದು) ಇರುವ ವೈರ್‌ಲೆಸ್ ಜಾಲಕ್ಕೆ ಒಂದು ರಿಲೇ (ಸಂದೇಶವನ್ನು ನಡುವೆ ಹಿಡಿದು ಮುಂದೆ ಕಳಿಸುವ ನಿಲ್ದಾಣ) ಸೇರಿಸಿದರೆ ಔಟೇಜ್, ಅಂದರೆ ಸಂದೇಶ ತಲುಪದಿರುವ ಸಂಭವ, ಎಷ್ಟು ತಗ್ಗುತ್ತದೆ ಎಂಬ ನಿಮ್ಮ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. ಎಡವಟ್ಟಾಗಿರುವುದು ಎರಡನೆಯ ಚಿತ್ರದಲ್ಲಿ. ಲೇಖನ ನಿಂತಿರುವುದೂ ಅದರ ಮೇಲೆಯೇ.

20 ಡೆಸಿಬೆಲ್ ಎಸ್‌ಎನ್‌ಆರ್‌ನಲ್ಲಿ (ಗದ್ದಲಕ್ಕಿಂತ ಸಂಕೇತ ಎಷ್ಟು ಪಟ್ಟು ಬಲವಾಗಿದೆ ಎಂಬ ಅಳತೆ) ನೇರ ಸಂಪರ್ಕದ ಔಟೇಜ್ 0.01, ಕೇಳಿದ್ದನ್ನು ಹಾಗೆಯೇ ಹಿಗ್ಗಿಸಿ ಕಳಿಸುವ ಆಂಪ್ಲಿಫೈ-ಫಾರ್ವರ್ಡ್ ರಿಲೇಯದು 0.0001 ಎಂದಿದ್ದೀರಿ. ನೂರು ಪಟ್ಟು ಲಾಭ! ಆದರೆ ಈ ರಿಲೇ ಒಂದೇ ಹೊತ್ತಿಗೆ ಕೇಳಿಸಿಕೊಂಡು ಕಳಿಸಲಾರದು, ಸಂದೇಶಕ್ಕೆ ಎರಡು ಸ್ಲಾಟ್ (ಸಮಯದ ತುಂಡು) ಹಿಡಿಯುತ್ತದೆ. ಎರಡನೆಯ ಸ್ಲಾಟಿನ ಸಮಯವನ್ನೂ ಶಕ್ತಿಯನ್ನೂ ನೀವು ಪುಕ್ಕಟೆ ಕೊಟ್ಟಿದ್ದೀರಿ. ಅಷ್ಟೇ ಸಮಯದಲ್ಲಿ ಅಷ್ಟೇ ಬಿಟ್ ಸಾಗಬೇಕೆಂದರೆ ಪ್ರತಿ ಅರ್ಧದಲ್ಲೂ ದರ ಇಮ್ಮಡಿಯಾಗಬೇಕು: ಪ್ರತಿ ಹರ್ಟ್ಸ್‌ಗೆ ಸೆಕೆಂಡಿಗೆ 1 ಬಿಟ್ ಇದ್ದದ್ದು 2 ಆಗುತ್ತದೆ, ಎಸ್‌ಎನ್‌ಆರ್ ಮಿತಿ, ಅಂದರೆ ಆ ದರಕ್ಕೆ ಬೇಕಾದ ಕನಿಷ್ಠ ಮಟ್ಟ, 1ರಿಂದ 3ಕ್ಕೆ ಏರುತ್ತದೆ. ಇಲ್ಲಿ ಔಟೇಜ್ ಮಿತಿಯ ವರ್ಗದಂತೆ ಬೆಳೆಯುವುದರಿಂದ ಸರಿಸುಮಾರು ಒಂಬತ್ತು ಪಟ್ಟು ಹೆಚ್ಚಿ 0.001ರ ಆಸುಪಾಸಿಗೆ ಬರುತ್ತದೆ. ಉಳಿಯುವುದು ಹತ್ತು ಪಟ್ಟು ಲಾಭ. ಅದೇನೂ ಕಡಿಮೆಯಲ್ಲ, ಅದನ್ನೇ ಬರೆಯಿರಿ. ಜೊತೆಗೆ 10 ಡೆಸಿಬೆಲ್‌ಗಿಂತ ತೀರಾ ಕೆಳಗಿಳಿದರೆ ನೇರ ಸಂಪರ್ಕವೇ ಮೇಲು ಎಂಬುದನ್ನೂ ತೋರಿಸಿ.

ಸಂದೇಶವನ್ನು ಬಿಡಿಸಿ ಓದಿ ಮತ್ತೆ ಕಳಿಸುವ ಡೀಕೋಡ್-ಫಾರ್ವರ್ಡ್ ಭಾಗದಲ್ಲಿ ಡೈವರ್ಸಿಟಿ (ಸಂದೇಶ ಕಳೆದುಹೋಗಲು ಒಟ್ಟಿಗೆ ಕುಸಿಯಬೇಕಾದ ಕೊಂಡಿಗಳ ಸಂಖ್ಯೆ) 2 ಎಂದಿದ್ದೀರಿ. ನಿಮ್ಮ ರಿಲೇ ಪ್ರತಿ ಸಲವೂ ಡೀಕೋಡ್ ಮಾಡಿಯೇ ತೀರಬೇಕು. ಹಾಗಾಗಿ ಮೂಲದಿಂದ ರಿಲೇಗೆ ಬರುವ ಒಂದೇ ಕೊಂಡಿ ಕುಸಿದರೂ ಸಂದೇಶ ಹೋಯಿತು. ಡೈವರ್ಸಿಟಿ 1ಕ್ಕೇ ನಿಲ್ಲುತ್ತದೆ. 20 ಡೆಸಿಬೆಲ್‌ನಲ್ಲಿ ಔಟೇಜ್ ಸುಮಾರು 0.03, ರಿಲೇ ಇಲ್ಲದಿದ್ದಾಗಿನದಕ್ಕಿಂತ ಮೂರು ಪಟ್ಟು ಕೆಟ್ಟದ್ದು. ಸಿಆರ್‌ಸಿ (ತಪ್ಪು ಪತ್ತೆಹಚ್ಚುವ ಸಂಕೇತ) ಸರಿಯಿದ್ದರೆ ಮಾತ್ರ ರಿಲೇ ಮುಂದೆ ಕಳಿಸಲಿ, ಇಲ್ಲವಾದರೆ ಮೂಲವೇ ಮತ್ತೊಮ್ಮೆ ಕಳಿಸಲಿ. ಆಗ ಡೈವರ್ಸಿಟಿ 2 ಸಿಗುತ್ತದೆ.

ಔಟೇಜ್ ರೇಖೆಯ ಬಾಲ ಹರಕುಮುರುಕಾಗಿರುವುದಕ್ಕೆ ಕಾರಣ 10,000 ಮಾದರಿಗಳಷ್ಟೇ ಓಡಿಸಿರುವುದು. 0.00001ರ ಹತ್ತಿರ ನೂರು ವೈಫಲ್ಯವಾದರೂ ಎಣಿಕೆಗೆ ಸಿಗಬೇಕೆಂದರೆ ಒಂದು ಕೋಟಿ ಬೇಕು. ರೇಲಿ ಚಾನೆಲ್‌ನ (ಫೇಡಿಂಗ್‌ನ ಸಾಮಾನ್ಯ ಗಣಿತ ಮಾದರಿ) ನೈಜ, ಕಾಲ್ಪನಿಕ ಭಾಗಗಳ ವೇರಿಯನ್ಸ್ (ಹರಡುವಿಕೆಯ ಅಳತೆ) ತಲಾ ಅರ್ಧ ಇದೆಯೇ ನೋಡಿ. ತಲಾ 1 ಇಟ್ಟರೆ ಎಲ್ಲ ರೇಖೆಗಳೂ ಸದ್ದಿಲ್ಲದೆ 3 ಡೆಸಿಬೆಲ್ ಒಳ್ಳೆಯದಾಗಿ ಕಾಣುತ್ತವೆ.

ಪೀಠಿಕೆಯ ಎರಡು ಪುಟ ತೆಗೆಯಿರಿ. ಐದು ರಿಲೇಗಳು ಸರದಿಯಂತೆ ಕಳಿಸುವ ವಿಭಾಗಕ್ಕೆ ಆರು ಸ್ಲಾಟ್ ಖರ್ಚು. ಅದರ ಬದಲು, ಪ್ರತಿ ರಿಲೇಯ ಎರಡು ಕೊಂಡಿಗಳಲ್ಲಿ ದುರ್ಬಲವಾದದ್ದನ್ನು ಗುರುತಿಸಿ, ಆ ದುರ್ಬಲ ಕೊಂಡಿ ಯಾರದು ಎಲ್ಲರಿಗಿಂತ ಗಟ್ಟಿಯೋ ಆ ಒಂದನ್ನೇ ಆರಿಸುವ ಕ್ರಮ ಬರೆಯಿರಿ. ಎರಡೇ ಸ್ಲಾಟಿನಲ್ಲಿ ಕೆಲಸ ಮುಗಿಯುತ್ತದೆ, ಡೈವರ್ಸಿಟಿಯೂ ಕೈತಪ್ಪುವುದಿಲ್ಲ. ಸಿಮ್ಯುಲೇಷನ್ ಕೋಡನ್ನೂ ಲಗತ್ತಿಸಿ ಕಳಿಸಿ.