ಸೀನು, ಉಬ್ಬಸ ಮತ್ತು ಅಕ್ಕನ ಸಂಧಿವಾತ

ಪ್ರಶ್ನೆ: ನಾವು ರೇಷ್ಮೆ ಹುಳು ಸಾಕುವವರು. ಚಂದ್ರಿಕೆಯಿಂದ (ಹುಳುಗಳು ಗೂಡು ಕಟ್ಟುವ ತಟ್ಟೆ) ಗೂಡು ಬಿಡಿಸುವ ದಿನ ನನಗೆ ಒಂದೇ ಸಮನೆ ಸೀನು ಬರುತ್ತದೆ, ರಾತ್ರಿ ಉಬ್ಬಸ. ಅಕ್ಕನಿಗೆ ರುಮಟಾಯ್ಡ್ ಸಂಧಿವಾತವಿದೆ. ಎರಡಕ್ಕೂ ರೋಗನಿರೋಧಕ ಶಕ್ತಿಯೇ ಕಾರಣವೆಂದು ವೈದ್ಯರು ಹೇಳಿದರು. ನಮ್ಮ ಮನೆಯವರಲ್ಲಿ ಆ ಶಕ್ತಿ ಕಡಿಮೆಯಿದೆಯೇ? ಅದನ್ನು ಹೆಚ್ಚಿಸುವ ಪುಡಿ, ಕಷಾಯ ತೆಗೆದುಕೊಳ್ಳಬಹುದೇ?
— ಓದುಗರೊಬ್ಬರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಇವೆರಡೂ ಆ ಶಕ್ತಿ ಕುಂದಿದ್ದರಿಂದ ಬಂದವಲ್ಲ, ಅದು ಗುರಿ ತಪ್ಪಿದ್ದರಿಂದ ಬಂದವು.

ಅಲರ್ಜಿ ಮೊದಲ ಸಂಪರ್ಕದಲ್ಲೇ ಕಾಣಿಸಿಕೊಳ್ಳುವುದಿಲ್ಲ; ವರ್ಷಗಟ್ಟಲೆ ಹುಳು ಸಾಕಿದವರಿಗೂ ಅದು ತಡವಾಗಿ ಶುರುವಾಗಬಹುದು. ಹುಳು, ಗೂಡು ಮತ್ತು ಪತಂಗದ ರೆಕ್ಕೆಯ ಹುಡಿಯಲ್ಲಿರುವ ಪ್ರೋಟೀನುಗಳು ಉಸಿರಿನೊಂದಿಗೆ ಒಳಹೊಕ್ಕಾಗ ಕೆಲವರ ದೇಹ ಅವುಗಳ ವಿರುದ್ಧ ಐಜಿಇ ಎಂಬ ಪ್ರತಿಕಾಯಗಳನ್ನು ತಯಾರಿಸುತ್ತದೆ. 1960ರ ದಶಕದಲ್ಲಿ ಪತ್ತೆಯಾದ ಈ ಪ್ರತಿಕಾಯಗಳು ಮೂಗು ಮತ್ತು ಶ್ವಾಸನಾಳಗಳ ಒಳಪದರದ ಮಾಸ್ಟ್ ಕೋಶಗಳಿಗೆ ಅಂಟಿಕೊಂಡಿರುತ್ತವೆ. ಅದೇ ಪ್ರೋಟೀನು ಮತ್ತೆ ತಗುಲಿದರೆ ಆ ಕೋಶಗಳು ನಿಮಿಷಗಳೊಳಗೆ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಹೊರಚೆಲ್ಲುವುದರಿಂದ ಮೂಗು ಸುರಿಯುತ್ತದೆ, ಶ್ವಾಸನಾಳದ ಸ್ನಾಯು ಬಿಗಿಯುತ್ತದೆ. ಕೆಲವು ಗಂಟೆಗಳ ಬಳಿಕ ಬೇರೆ ಬಿಳಿರಕ್ತಕಣಗಳೂ ಅಲ್ಲಿ ಬಂದು ಸೇರಿ ಊತವನ್ನು ಹೆಚ್ಚಿಸುತ್ತವೆ. ಹಗಲಿನ ಸೀನಿನ ಹಿಂದೆಯೇ ರಾತ್ರಿ ಉಬ್ಬಸ ಬರುವುದು ಹೀಗೆ. ಹುಳುಮನೆಗೆ ಹಾಕುವ ಬ್ಲೀಚಿಂಗ್ ಪುಡಿಯ ಘಾಟಿಗೆ ಕಣ್ಣು ಮೂಗು ಉರಿಯುವುದು ಮಾತ್ರ ಬಹುಮಟ್ಟಿಗೆ ಬರಿಯ ಕೆರಳಿಕೆ, ಅಲರ್ಜಿಯಲ್ಲ.

ನಿಮ್ಮ ಅಕ್ಕನವರಲ್ಲಿ ದಾಳಿಗೆ ಗುರಿಯಾಗಿರುವುದು ಅವರದೇ ಕೀಲುಗಳ ಒಳಪೊರೆ. ಸ್ವಂತ ದೇಹದ ಮೇಲೆಯೇ ಎರಗಬಲ್ಲ ಟಿ ಕೋಶಗಳೆಂಬ ಬಿಳಿರಕ್ತಕಣಗಳಲ್ಲಿ ಹೆಚ್ಚಿನವು ಎದೆಯಲ್ಲಿರುವ ಥೈಮಸ್ ಗ್ರಂಥಿಯಲ್ಲೇ ನಾಶವಾಗುತ್ತವೆ. ಅಲ್ಲಿಂದ ತಪ್ಪಿಸಿಕೊಂಡವನ್ನು ನಿಯಂತ್ರಕ ಟಿ ಕೋಶಗಳು ಹತೋಟಿಯಲ್ಲಿಡುತ್ತವೆ. ಇವುಗಳನ್ನು 1995ರಲ್ಲಿ ಗುರುತಿಸಿದ ಜಪಾನಿನ ಶಿಮೊನ್ ಸಕಾಗುಚಿ ಅವರಿಗೆ ಇನ್ನಿಬ್ಬರೊಂದಿಗೆ 2025ರ ವೈದ್ಯಕೀಯ ನೊಬೆಲ್ ದೊರೆಯಿತು. ಆನುವಂಶಿಕ ಒಲವು, ತಂಬಾಕಿನ ಹೊಗೆ ಮುಂತಾದವು ಸೇರಿ ಈ ಹತೋಟಿ ಸಡಿಲವಾಗಬಹುದು. ಸಂಧಿವಾತವಂತೂ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು.

ಪುಡಿ, ಕಷಾಯಗಳ ವಿಷಯದಲ್ಲಿ ನನ್ನ ಸಲಹೆ ಬೇಡವೆಂದೇ. ಸಂಧಿವಾತಕ್ಕೆ ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ರೋಗನಿರೋಧಕ ವ್ಯವಸ್ಥೆಯ ಅಬ್ಬರವನ್ನು ತಗ್ಗಿಸುವ ಔಷಧ. ಅದನ್ನು ನುಂಗುತ್ತಲೇ ಶಕ್ತಿ ಏರಿಸಲು ಹೊರಡುವುದರಲ್ಲಿ ಅರ್ಥವಿಲ್ಲ, ಒಳಗೇನಿದೆಯೆಂದು ತಿಳಿಯದ ಪುಡಿ ಯಕೃತ್ತಿಗೂ ಕೇಡು. ಅಕ್ಕನವರು ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದರೆ ಒಂದು ಎಚ್ಚರಿಕೆ: ಅದು ವಾರಕ್ಕೊಮ್ಮೆಯ ಔಷಧ, ದಿನವೂ ನುಂಗಿದರೆ ಪ್ರಾಣಾಪಾಯ.

ನೀವು ಗೂಡು ಬಿಡಿಸುವಾಗ ಮೂಗು, ಬಾಯಿಗೆ ಬಿಗಿಯಾಗಿ ಕೂರುವ ಮಾಸ್ಕ್ ಧರಿಸಿ, ಶ್ವಾಸಕೋಶದ ಪರೀಕ್ಷೆ ಮಾಡಿಸಿ. ಎರಡು ಬೆಳೆಗಳ ನಡುವಿನ ಬಿಡುವಿನಲ್ಲಿ ಉಬ್ಬಸ ಇಳಿಯುತ್ತದೆಯೇ ಎಂಬುದನ್ನು ಗಮನಿಸಿ ವೈದ್ಯರಿಗೆ ತಿಳಿಸಿ.