ಹಿತ್ತಲಲ್ಲಿ ಸಿಕ್ಕ ದಪ್ಪ ತಗಡು: ಇದು ಬಾಂಬ್ ಶೆಲ್ಟರ್ ಇರಬಹುದೇ?

ಪ್ರಶ್ನೆ: ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1930ರ ದಶಕದ ಮನೆ ಕೊಂಡಿದ್ದೇವೆ. ಹಿತ್ತಲಲ್ಲಿ ತರಕಾರಿ ಪಾತಿಗೆಂದು ಅಗೆಯುವಾಗ ಅಲೆ ಅಲೆಯಾದ ದಪ್ಪ ತಗಡಿನ ಅಂಚು ಸಿಕ್ಕಿತು. ಇನ್ನೂ ಅಗೆದರೆ ಸುಮಾರು ನಾಲ್ಕು ಅಡಿ ಕೆಳಗೆ ಕಾಂಕ್ರೀಟ್ ನೆಲ, ಅದರ ಮೂಲೆಯಲ್ಲಿ ಬಕೆಟ್ ಕೂರುವಷ್ಟು ಕುಳಿ. ಪಕ್ಕದ ಮನೆಯವರು ಹಳೇ ಸೆಪ್ಟಿಕ್ ಟ್ಯಾಂಕ್ ಅನ್ನುತ್ತಾರೆ. ಏನಿದು? ಒಡೆಸಿ ಮುಚ್ಚಬಹುದಾ?

ಉತ್ತರ: ಸೆಪ್ಟಿಕ್ ಟ್ಯಾಂಕ್‌ಗೆ ತಗಡಿನ ಗೋಡೆ ಯಾರು ಹಾಕುತ್ತಾರೆ ಹೇಳಿ! ನೀವು ಬರೆದದ್ದು ನೋಡಿದರೆ ಇದು ಎರಡನೇ ಮಹಾಯುದ್ಧದ ಕಾಲದ ಆ್ಯಂಡರ್ಸನ್ ಶೆಲ್ಟರ್‌ನ, ಅಂದರೆ ವಾಯುದಾಳಿಯಿಂದ ಪಾರಾಗಲು ಹಿತ್ತಲಲ್ಲಿ ಅರ್ಧ ಹೂತು ಕಟ್ಟುತ್ತಿದ್ದ ತಗಡಿನ ಗೂಡಿನ, ಬುಡ ಅನಿಸುತ್ತದೆ. ಟೇಪ್ ಹಿಡಿದು ಅಳೆದು ನೋಡಿ. ಉದ್ದ ಆರೂವರೆ ಅಡಿ, ಅಗಲ ನಾಲ್ಕೂವರೆ ಅಡಿ ಆಸುಪಾಸು ಬಂದರೆ ಹೆಚ್ಚೇನೂ ಅನುಮಾನ ಬೇಡ.

1938ರಲ್ಲಿ ಇದನ್ನು ರೂಪಿಸಿದವರು ವಿಲಿಯಂ ಪ್ಯಾಟರ್ಸನ್ ಮತ್ತು ಆಸ್ಕರ್ ಕಾರ್ಲ್ ಕೆರಿಸನ್. ಹೆಸರು ಮಾತ್ರ ವಾಯುದಾಳಿ ರಕ್ಷಣೆಯ ಹೊಣೆ ಹೊತ್ತಿದ್ದ ಸಚಿವ ಸರ್ ಜಾನ್ ಆ್ಯಂಡರ್ಸನ್ ಅವರದು. (ಈತ ಅದಕ್ಕೂ ಮೊದಲು ಬಂಗಾಳದ ಗವರ್ನರ್. 1934ರಲ್ಲಿ ಡಾರ್ಜಿಲಿಂಗ್ ಹತ್ತಿರದ ಲೆಬಾಂಗ್‌ನಲ್ಲಿ ಕ್ರಾಂತಿಕಾರಿಗಳ ಗುಂಡಿನಿಂದ ಪಾರಾದವರು.) 1939ರ ಫೆಬ್ರುವರಿಯಲ್ಲಿ ಹಂಚಿಕೆ ಶುರುವಾಯಿತು. ವರ್ಷಕ್ಕೆ 250 ಪೌಂಡ್‌ಗಿಂತ ಕಡಿಮೆ ದುಡಿಯುವವರಿಗೆ ಪುಕ್ಕಟೆ, ಉಳಿದವರಿಗೆ 7 ಪೌಂಡ್.

ನಾಲ್ಕಡಿ ಗುಂಡಿ ತೋಡಿ, ಬಾಗಿದ ತಗಡುಗಳನ್ನು ಎದುರುಬದುರು ನಿಲ್ಲಿಸಿ, ನೆತ್ತಿಯಲ್ಲಿ ಬೋಲ್ಟ್ ಬಿಗಿದು, ಮೇಲೆ ಕನಿಷ್ಠ 15 ಇಂಚು ಮಣ್ಣು ಹೇರಬೇಕಿತ್ತು. ಆ ಮಣ್ಣಲ್ಲೇ ಜನ ತರಕಾರಿ ಬೆಳೆದರು, ನಿಮ್ಮ ಹಾಗೇ. ಒಳಗೆ ಆರು ಜನಕ್ಕೆ ಜಾಗ. ಬಾಂಬು ನೇರವಾಗಿ ಮೇಲೆ ಬಿದ್ದರೆ ಉಳಿಗಾಲವಿಲ್ಲ, ಆದರೆ ಪಕ್ಕದಲ್ಲಿ ಬಿದ್ದರೆ ಚೂರು, ಧಕ್ಕೆ ಎರಡನ್ನೂ ಚೆನ್ನಾಗಿಯೇ ತಡೆಯುತ್ತಿತ್ತು. ದೊಡ್ಡ ಕಾಟ ಎಂದರೆ ನೀರು. ಮಳೆ ಬಂದರೆ ಒಳಗೆಲ್ಲ ಒಸರು. ಅದಕ್ಕೇ ಕಾಂಕ್ರೀಟ್ ನೆಲ. ಮೂಲೆಯ ಆ ಕುಳಿ ನೀರು ಒಟ್ಟಾಗಲೆಂದು ಮಾಡಿದ್ದು, ಅಲ್ಲಿಂದ ಮೊಗೆದು ಹೊರಗೆ ಚೆಲ್ಲುತ್ತಿದ್ದರು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಾಯುದಾಳಿಗೆ ನಿಮ್ಮ ಊರಿನಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಅಂಥ ಊರಲ್ಲಿ ಇಂಥದ್ದು ಸಿಕ್ಕರೆ ಆಶ್ಚರ್ಯವೇನಿಲ್ಲ.

ಯುದ್ಧ ಮುಗಿದ ಮೇಲೆ ಸರ್ಕಾರ ತಗಡನ್ನು ವಾಪಸ್ ಕೇಳಿತು. ಕೆಲವರು ದುಡ್ಡು ಕೊಟ್ಟು ಉಳಿಸಿಕೊಂಡು ಶೆಡ್ ಮಾಡಿದರು. ಅಕ್ಕಪಕ್ಕದ ಹಿತ್ತಲುಗಳಲ್ಲಿ ಬಾಗಿದ ತಗಡಿನ ಹಳೇ ಶೆಡ್ ಇದ್ದರೆ ಒಮ್ಮೆ ಇಣುಕಿ ನೋಡಿ. ಕಾಂಕ್ರೀಟಿನಲ್ಲಿ ಹೂತ ಬುಡವನ್ನು ಕೀಳುವುದು ಕಷ್ಟ, ಹಾಗಾಗಿ ಎಷ್ಟೋ ಕಡೆ ಅದರ ಮೇಲೆ ಸುಮ್ನೆ ಮಣ್ಣು ಎಳೆದುಬಿಟ್ಟರು.

ಒಡೆಸಬಹುದಾ ಅಂದರೆ, ಸಾಮಾನ್ಯವಾಗಿ ಕಾನೂನಿನ ತಡೆ ಇರುವುದಿಲ್ಲ. ಮನೆಯೇ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಮಾತ್ರ ಮೊದಲು ಕೌನ್ಸಿಲ್‌ನವರನ್ನು ಕೇಳಿ. ಆದರೆ ಅವಸರ ಬೇಡ ಎನ್ನುವುದು ನನ್ನ ಮಾತು. ಫೋಟೋ ತೆಗೆದು, ಅಳತೆ ಬರೆದು, ಸ್ಥಳೀಯ ಪರಂಪರೆ ದಾಖಲೆ ವಿಭಾಗಕ್ಕೆ ಕಳಿಸಿ. ದಪ್ಪ ಕೈಗವಸು ಹಾಕಿಕೊಳ್ಳಿ, ತುಕ್ಕು ಹಿಡಿದ ಅಂಚು ಕೈ ಸೀಳುತ್ತದೆ. ತಗಡಲ್ಲದ, ಬೂದು ಬಣ್ಣದ ಶೀಟಿನ ಚೂರು ಸಿಕ್ಕರೆ ಮುರಿಯಬೇಡಿ, ಆಸ್ಬೆಸ್ಟಾಸ್ ಇರಬಹುದು. ಬಾಂಬಿನಂಥದ್ದು ಕಂಡರಂತೂ ಮುಟ್ಟದೆ ದೂರ ಸರಿದು 999ಕ್ಕೆ ಫೋನ್ ಮಾಡಿ.

ಪಾತಿ ಅಲ್ಲೇ ಬೇಕು ಅಂತಿದ್ದರೆ ಇಡೀ ನೆಲ ಒಡೆಯುವ ಅಗತ್ಯವಿಲ್ಲ. ನೀರು ಇಳಿಯಲು ನಾಲ್ಕಾರು ತೂತು ಕೊರೆದು, ತಳಕ್ಕೆ ಜಲ್ಲಿ ಹಾಕಿ, ಮೇಲೆ ಒಳ್ಳೇ ಮಣ್ಣು ತುಂಬಿ. ತೂತು ಮಾಡದೆ ತುಂಬಿದರೆ ಬೇರು ಕೊಳೆಯುತ್ತದೆ.